ಇದೇನು ಬೆಂಗಳೂರೇನ್ರೀ?

ಮೊನ್ನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎರಡು ರೂಮಿನ ಬಾಡಿಗೆ ಮನೆ ನೋಡಲು ಹೋಗಿದ್ದೆ. ಬಾಡಿಗೆ 14 ಸಾವಿರ, ಡಿಪಾಸಿಟ್ ಒಂದೂವರೆ ಲಕ್ಷ. ಜಾಸ್ತಿ ಆಯ್ತು ಅಂದೆ. ‘ಬೆಂಗಳೂರಾಗ ಇದಕ್ಕ ಮೂವತ್ತು ಸಾವಿರ ಕೊಡ್ತಾರ್ರೀ’ ಅಂತ ಮಾಲೀಕರು ನಕ್ಕರು. ಹೌದಾ ಯಜಮಾನ್ರೇ, ಬೆಂಗಳೂರಿನ ಸಂಬಳವನ್ನೂ ನೀವೇ ಕೊಡಿಸುತ್ತೀರಾ?

ನಲ್ಲಿ ನೀರು ವಾರಕ್ಕೊಮ್ಮೆ. ಆ ದಿನ ಕೆಲಸಕ್ಕೆ ರಜೆ ಹಾಕಿ ಕೊಡ, ಬ್ಯಾರಲ್, ಚರಿಗಿ, ಕೊನೆಗೆ ಕುಕ್ಕರನ್ನೂ ತುಂಬಿಸಿಡಬೇಕು. ಬಚ್ಚಲಲ್ಲಿ ಕೈ ಚಾಚಿದರೆ ಗೋಡೆ. ಇಷ್ಟಕ್ಕೆ ಕರಾರು ಬೇರೆ! ಮೊದಲು ‘ನೀವು ಯಾವ ಮಂದಿ?’ ಆಮೇಲೆ ನೆಂಟರು ಉಳಿಯಬಾರದು, ಗೋಡೆಗೆ ಮೊಳೆ ಹೊಡೆಯಬಾರದು. ಉಸಿರಾಡಬಹುದಾ, ಅದಕ್ಕೂ ಬೇರೆ ಮೀಟರ್ ಇದೆಯಾ?

ನವನಗರದಲ್ಲಿ ಕಡಿಮೆ ಅಂದರು. ಹೋದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಸ್ಟಾಪ್ ಹತ್ತಿರ ಅಂತ ಅಲ್ಲೂ ರೇಟು ಏರಿಸಿ ಕೂತಿದ್ದಾರೆ. ಬಸ್ಸೇನು ಇವರ ಮನೆಯದಾ?

ಜಗತ್ತಿನಲ್ಲೇ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರಂ ನಮ್ಮ ಹುಬ್ಬಳ್ಳಿಯದು, 1507 ಮೀಟರ್. ಸೂರಿಲ್ಲದವರು ಸ್ಟೇಷನ್ನಿನಲ್ಲಿ ಗೋಣಿಚೀಲ ಹಾಸಿ ಮಲಗಿದ್ದನ್ನು ಕಂಡಾಗ ಮೊದಲೆಲ್ಲ ಅಯ್ಯೋ ಪಾಪ ಅನ್ನಿಸುತ್ತಿತ್ತು. ಈಗ ಸುಮ್ನೆ ಜಾಗ ಲೆಕ್ಕ ಹಾಕುತ್ತೇನೆ. ಅಲ್ಲೂ ಯಾರಾದರೂ ಬಂದು ಡಿಪಾಸಿಟ್ ಕೇಳುತ್ತಾರೋ ಏನೋ!