ಸತ್ಯಾಂಶ: ಸೀ ಅನಿಮೋನ್ ಅಡುಗೆ ಉಪ್ಪಿನ ನೀರಿನಲ್ಲಿ ಬೆಳೆಯುವ ಗಿಡವೇ?

ಸೀ ಅನಿಮೋನ್ ಒಂದು ಕಡಲ ಗಿಡವೆಂದೂ, ಕೊಳವೆಬಾವಿಯ ನೀರಿಗೆ ಅಡುಗೆ ಉಪ್ಪು ಬೆರೆಸಿದರೆ ಮನೆಯ ಅಕ್ವೇರಿಯಂನಲ್ಲಿಯೇ ಬೆಳೆಯುತ್ತದೆಂದೂ ಹೇಳುವ ಸಂದೇಶವೊಂದು ಹಾಸನದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇವೆರಡೂ ನಿಜವಲ್ಲ.

ಅನಿಮೋನ್ ಹವಳದ ಬಂಧುವಾದ ಪ್ರಾಣಿ. ಕುಟುಕುವ ಕೋಶಗಳಿಂದ ಸಣ್ಣ ಮೀನು, ಸಿಗಡಿಗಳನ್ನು ಹಿಡಿದು ತಿನ್ನುತ್ತದೆ. ಅಕ್ವೇರಿಯಂಗಳಲ್ಲಿ ಸಾಕುವ ಹಲವು ಜಾತಿಗಳ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳು ನೆಲೆಸಿ, ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೂ ಪಾಲು ಕೊಡುವುದರಿಂದ ಬಲವಾದ ದೀಪ ಬೇಕಾಗುತ್ತದೆ. ಆ ಪಾಚಿ ನಾಶವಾದರೆ ಅನಿಮೋನ್ ಬಿಳಿಚಿಕೊಂಡು ಸೊರಗುತ್ತದೆ. ಆ ಬಿಳುಪನ್ನೇ ಅಪರೂಪದ ಬಣ್ಣವೆಂದು ನಂಬಿ ಕೊಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ.

ಉಪ್ಪಿನ ವಿಚಾರ ಇನ್ನೂ ಗಂಭೀರ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿದ್ದು, ಅವುಗಳಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ ಸೇರಿವೆ. ಅಡುಗೆ ಉಪ್ಪು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಅಕ್ವೇರಿಯಂಗೆಂದೇ ತಯಾರಾದ ಸಮುದ್ರ ಲವಣವನ್ನು ಆರ್‌ಒ ನೀರಿನಲ್ಲಿ ಕರಗಿಸಿ, ತೊಟ್ಟಿಯ ನೀರು ಸ್ಥಿರವಾಗಲು ಕೆಲವು ತಿಂಗಳು ಬಿಟ್ಟು, ನಂತರವೇ ಅನಿಮೋನ್ ತರಬೇಕು. ಹಾಸನದ ಚಳಿಗಾಲದ ರಾತ್ರಿಗಳಲ್ಲಿ ನೀರನ್ನು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉಳಿಸಲು ಹೀಟರ್ ಬೇಕೇ ಬೇಕು. ಅನಿಮೋನ್ ಜಾಗ ಬದಲಿಸುತ್ತ ತೆವಳುವ ಕಾರಣ, ಪಂಪಿನ ಬಾಯಿಗೆ ಜಾಲರಿ ಹಾಕಬೇಕು.