ಕೊತ್ತಂಬರಿಗೊಂದು ನೇರಳೆ ಸೂರ್ಯ

ನಮ್ಮ ಬಾಲ್ಕನಿಗೂ ಪಕ್ಕದ ಕಟ್ಟಡದ ಗೋಡೆಗೂ ನಡುವೆ ಕೈ ಚಾಚಿದರೆ ಮುಟ್ಟುವಷ್ಟೇ ಜಾಗ. ಬಿಲ್ಡರು ಇದನ್ನೇ ವೆಂಟಿಲೇಶನ್ ಎಂದು ತೋರಿಸಿ ಫ್ಲಾಟ್ ಮಾರಿದ್ದ. ಅಲ್ಲಿ ಕೊತ್ತಂಬರಿ ಹಾಕಿದರೆ ದಾರದ ಹಾಗೆ ಉದ್ದಕ್ಕೆ ಬೆಳೆದು, ಎರಡೆಲೆ ಬಿಟ್ಟು, ಮಲಗಿಬಿಡುತ್ತದೆ.

ಬಿಸಿಲಿನ ಬದಲು ಗಿಡಕ್ಕೆ ಬೆಳಕು ಕೊಡುವ ದೀಪ, ಅಂದರೆ ಗ್ರೋ ಲೈಟು, ರೆಡಿಮೇಡ್ ಸಿಗುತ್ತದೆ. ಅದರ ರೇಟು ಕೇಳಿ, ಮನೆಯಲ್ಲೇ ಮಾಡೋಣ ಎಂದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಕೆಂಪು-ನೀಲಿ ಎಲ್‌ಇಡಿ ಪಟ್ಟಿ ತಂದೆ. ಅದರ ಬಿಸಿ ಎಳೆದುಕೊಳ್ಳಲು ಅಲ್ಯೂಮಿನಿಯಂ ಚಾನೆಲ್ ಬೇಕೇ ಬೇಕು. ಇಲ್ಲದಿದ್ದರೆ ಎಲ್‌ಇಡಿ ಬೇಗ ಮಂಕಾಗುತ್ತದೆ. 12 ವೋಲ್ಟಿನಲ್ಲಿ 4 ಆಂಪ್ ಕೊಡುವ ಅಡಾಪ್ಟರ್ ಕೇಳಿದರೆ, ಅಂಗಡಿಯವನು 2 ಆಂಪಿನದ್ದು ಕೊಟ್ಟು "ಓಡುತ್ತೆ, ತಗೊಳ್ಳಿ ಸಾರ್" ಅಂದ. ಓಡಿತು, ನಿಂತು ನಿಂತು. ಹಾಲೆಲ್ಲ ಗಣೇಶನ ಆರ್ಕೆಸ್ಟ್ರಾ ಲೈಟಿಂಗು. ಮಗಳು ಕುಣಿದಳು. ಮಾರನೇ ದಿನ ಹೋಗಿ ಜಗಳ ಆಡಿ ಬದಲಾಯಿಸಿಕೊಂಡು ಬಂದೆ.

ಎಲೆಗಳು ಕೆಂಪು, ನೀಲಿ ಬೆಳಕನ್ನೇ ಜಾಸ್ತಿ ಹೀರುತ್ತವೆ. ನಮಗೆ ಹಸಿರಾಗಿ ಕಾಣುವುದು ಅವು ವಾಪಸ್ ಕಳಿಸುವ ಬೆಳಕು. ಈ ದೀಪದಲ್ಲಿ ಹಸಿರೇ ಇಲ್ಲವಲ್ಲ, ಹಾಗಾಗಿ ಚೆನ್ನಾಗಿ ಬಂದ ಕೊತ್ತಂಬರಿಯೂ ಕಪ್ಪಗೆ ಕಾಣುತ್ತದೆ. ಊರಿಂದ ಬಂದ ಅಮ್ಮ "ಅಯ್ಯೋ, ಸುಟ್ಟೇ ಹೋಯ್ತಲ್ಲೋ" ಎಂದು ಅಷ್ಟನ್ನೂ ಬೇರುಸಹಿತ ಕಿತ್ತುಹಾಕಿದರು. ಅಡುಗೆಮನೆ ಬೆಳಕಿಗೆ ಒಯ್ದರೆ ಎಳೇ ಹಸಿರು! ಆ ದಿನ ಸಾರಿಗೆ, ಪಲ್ಯಕ್ಕೆ, ಮಜ್ಜಿಗೆಗೆ, ಎಲ್ಲದಕ್ಕೂ ಕೊತ್ತಂಬರಿ. ಸಂಜೆ ಮತ್ತೆ ಧನಿಯಾ ಉಜ್ಜಿ, ಎರಡು ಹೋಳು ಮಾಡಿ ಬಿತ್ತಿದೆವು.

ಹೊರಗಿನ ಕಥೆ ಬೇರೆ. ರಾತ್ರಿ ನಮ್ಮ ಕಿಟಕಿ ಮಾತ್ರ ನೇರಳೆ. ವಾಚ್‌ಮನ್‌ಗೆ ಅದು ಮಾಟ, ಕೆಳಗಿನ ಮನೆಯವರಿಗೆ ಪಾರ್ಟಿ. ಅಸೋಸಿಯೇಶನ್ ಸೆಕ್ರೆಟರಿ ಲಿಫ್ಟಿನಲ್ಲಿ ಸಿಕ್ಕು, ದನಿ ತಗ್ಗಿಸಿ "ಯಾವ ಗಿಡ ಸಾರ್?" ಅಂದರು.

"ಕೊತ್ತಂಬರಿ."

"ಓಹೋ, ಕೊತ್ತಂಬರಿ!" ಎಂದು ಕಣ್ಣು ಹೊಡೆದರು.

ಮನೆಗೇ ಕರೆದುಕೊಂಡು ಬಂದೆ. ಎಲೆ ಚಿವುಟಿ, ಬೆರಳಲ್ಲಿ ಹೊಸಕಿ, ಮೂಸಿ, ಸ್ವಲ್ಪ ಬೇಜಾರಿನಿಂದಲೇ ಒಪ್ಪಿಕೊಂಡರು. ಅರ್ಧ ಗಂಟೆಯೊಳಗೆ ಅವರ ಹೆಂಡತಿ ಒಣಗಿದ ಕರಿಬೇವಿನ ಕುಂಡದ ಜೊತೆ ಬಾಗಿಲಲ್ಲಿದ್ದರು: "ಒಂದು ವಾರ ನಿಮ್ಮ ಲೈಟ್ ಕೆಳಗೆ ಇಟ್ಕೊಳ್ಳಿ."

ಈಗ ಮೂರು ಮನೆಯ ಕುಂಡಗಳು ಕ್ಯೂನಲ್ಲಿವೆ. 48 ವ್ಯಾಟ್, ದಿನಕ್ಕೆ 14 ಗಂಟೆ ಎಂದರೆ ತಿಂಗಳಿಗೆ ಸುಮಾರು 20 ಯೂನಿಟ್. ಗಿಡ ಅವರದು, ಬಿಲ್ಲು ನಮ್ಮದು. ದುಡ್ಡು ಕೇಳೋಣ ಅಂದರೆ ಹೆಂಡತಿ ಬೇಡ ಅಂತಾಳೆ. ಮುಂದಿನ ತಿಂಗಳು ನೆಂಟರು ಬಂದಾಗ ಸೆಕ್ರೆಟರಿಯವರ ಪಾರ್ಕಿಂಗ್ ಬೇಕಂತೆ.