ಮೇನ್ ವಾಲ್ವ್ ಎಲ್ಲಿದೆ ಎಂದು ನಿಮಗೆ ಗೊತ್ತಿದ್ದರೆ ನಾನು ಗಾಳ ಹಾಕಬಲ್ಲೆ

ಮನೆ ರಿಪೇರಿ ಮಾಡುವವನಿಗೆ ಹವ್ಯಾಸ ಇರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ರಜಾದಿನದ ಬೆಳಗಿನ ಜಾವ ಬಂದ ಕರೆಯನ್ನು ಎತ್ತದೆ, ಎರಡು ತಾಸು ಬಿಟ್ಟು ತಿರುಗಿ ಫೋನ್ ಮಾಡಿ "ಮೀನು ಹಿಡಿಯುತ್ತಿದ್ದೆ" ಎಂದು ಹೇಳಿ ನೋಡಿ. ಆಸ್ಪತ್ರೆಯಲ್ಲಿದ್ದೆ ಎಂದರೆ ಸರಿ, ಮದುವೆಯಲ್ಲಿದ್ದೆ ಎಂದರೂ ಸರಿ. ಕೆರೆಯ ದಂಡೆಯಲ್ಲಿ ಕುಳಿತಿದ್ದೆ ಎಂದರೆ ಮಾತ್ರ ನಾವು ಮೈಗಳ್ಳರು.

ಗಾಳ ನನ್ನ ಕೈಗೆ ಬಂದದ್ದು ಬಾಲ್ಯದಲ್ಲಿ, ಸ್ಪ್ಯಾನರ್ ಬಂದದ್ದು ಆಮೇಲೆ. ಎರಡರಲ್ಲಿ ಯಾವುದನ್ನೂ ಬಿಡುವ ಯೋಚನೆಯಿಲ್ಲ. ಇದೇ ಕಸುಬಿಗೆ ಇಳಿದಿರುವ ಕಿರಿಯರು ಆಗಾಗ ಕೇಳುತ್ತಾರೆ, ಎರಡನ್ನೂ ಹೇಗೆ ತೂಗಿಸುತ್ತೀರಿ ಎಂದು. ವೇಳಾಪಟ್ಟಿ ಹಾಕಿಕೊಳ್ಳಿ, ಬೇಗ ಮಲಗಿ ಎಂಬ ಉಪದೇಶ ಎಲ್ಲರಿಂದಲೂ ಸಿಗುತ್ತದೆ. ನನಗೆ ಕಂಡ ಸತ್ಯ ಬೇರೆ. ಕೆಲಸ ಎಷ್ಟೇ ಇರಲಿ, ಅದು ನಮ್ಮ ಬೆಳಗನ್ನು ಕಸಿಯುವುದಿಲ್ಲ. ಕಸಿಯುವುದು "ಅರ್ಜೆಂಟ್" ಎಂಬ ಹೆಸರಿನಲ್ಲಿ ಬರುವ ಕರೆಗಳು. ಅವುಗಳಲ್ಲಿ ಬಹುಪಾಲು ಅರ್ಜೆಂಟೇ ಅಲ್ಲ.

ತೊಡಕು ಇರುವುದು ಹೊತ್ತಿನಲ್ಲಿ. ಮಬ್ಬು ಬೆಳಕಿನಲ್ಲಿ ಅನೇಕ ಜಾತಿಯ ಮೀನುಗಳು ದಡದ ಹತ್ತಿರಕ್ಕೆ ಮೇಯಲು ಬರುತ್ತವೆ. ಮನೆಯವರೆಲ್ಲ ಎದ್ದು ಒಟ್ಟಿಗೆ ನಲ್ಲಿ ತಿರುಗಿಸುವುದೂ, ಸಿಂಕ್ ಕೆಳಗೆ ನೀರು ನಿಂತಿರುವುದು ಕಣ್ಣಿಗೆ ಬೀಳುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮೀನಿಗೂ ಪೈಪಿಗೂ ಒಳ ಒಪ್ಪಂದ ಇದೆಯೋ ಏನೋ!

ಆದ್ದರಿಂದ ಯಾವ ಮನೆಗೆ ಹೋದರೂ ಕೆಲಸ ಮುಗಿಸಿ ಹೊರಡುವ ಮುನ್ನ ಮನೆಯವರನ್ನು ಕರೆದು, ಇಡೀ ಮನೆಯ ನೀರನ್ನು ಒಂದೇ ಕಡೆ ನಿಲ್ಲಿಸುವ ಮೇನ್ ವಾಲ್ವ್ ತೋರಿಸುತ್ತೇನೆ. ಸುಮ್ಮನೆ ಬೆರಳು ಮಾಡಿ ತೋರಿಸಿದರೆ ಸಾಲದು, ಅವರ ಕೈಯಿಂದಲೇ ಮುಚ್ಚಿಸಿ ತೆರೆಸಬೇಕು. ಬಾಲ್ ವಾಲ್ವ್ ಆದರೆ ಸುಲಭ: ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ನೀರು ಹರಿಯುತ್ತಿದೆ, ಅಡ್ಡಕ್ಕೆ ತಿರುಗಿಸಿದರೆ ನಿಂತಿತು. ಹಳೆಯ ಗೇಟ್ ವಾಲ್ವ್ ಹಾಗಲ್ಲ. ಅದನ್ನು ಹಲವು ಸುತ್ತು ತಿರುಗಿಸಬೇಕು. ವರ್ಷಗಟ್ಟಲೆ ಯಾರೂ ಮುಟ್ಟದಿದ್ದರೆ ಒಳಗೆ ಸುಣ್ಣ, ತುಕ್ಕು ಕಟ್ಟಿ ಬಿಗಿದುಕೊಂಡು, ಬೇಕಾದ ದಿನವೇ ಚಕ್ರ ಕೈಗೆ ಕಿತ್ತು ಬರುತ್ತದೆ. ಆರು ತಿಂಗಳಿಗೊಮ್ಮೆ ಮುಚ್ಚಿ ತೆರೆಯಿರಿ ಎಂದು ಹೇಳುತ್ತೇನೆ. ಫ್ಲಶ್ ಟ್ಯಾಂಕಿಗೆ, ಸಿಂಕಿಗೆ, ಗೀಸರಿಗೆ ಬೇರೆ ಬೇರೆ ವಾಲ್ವ್ ಇದ್ದರೆ ಒಂದೊಂದಕ್ಕೂ ಚೀಟಿ ಕಟ್ಟಿ, ಅಳಿಸದ ಶಾಯಿಯಲ್ಲಿ ಹೆಸರು ಬರೆಯುತ್ತೇನೆ. ಇಷ್ಟಕ್ಕೆ ಹೆಚ್ಚಿನ ಹಣ ಕೇಳುವುದಿಲ್ಲ. ಮುಂದಿನ ಸಲ ಪೈಪ್ ಒಡೆದಾಗ ಆ ಮನೆಯವರು ನೀರು ನಿಲ್ಲಿಸಿ ಆಮೇಲೆ ನನಗೆ ಫೋನ್ ಮಾಡುತ್ತಾರೆ. ನೀರು ನಿಂತ ಮೇಲೆ ಆ ಸೋರಿಕೆಗೆ ಅವಸರವಿಲ್ಲ. ಅದು ಮಧ್ಯಾಹ್ನದ ಕೆಲಸ.

ಎಲ್ಲವನ್ನೂ ಮಧ್ಯಾಹ್ನಕ್ಕೆ ತಳ್ಳಲಾಗದು, ಅದೂ ಗೊತ್ತಿರಬೇಕು. ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಯಾರಾದರೂ ಹೇಳಿದರೆ ಬೆಂಡು ಮುಳುಗುತ್ತಿದ್ದರೂ ದಾರ ಸುತ್ತಿಕೊಂಡು ಹೊರಡುತ್ತೇನೆ. ಅದಕ್ಕೂ ಮೊದಲು ಮೇನ್ ಸ್ವಿಚ್ ಆರಿಸಿ, ಆ ನಲ್ಲಿಯ ಹತ್ತಿರ ಯಾರೂ ಸುಳಿಯಬೇಡಿ ಎಂದು ಹೇಳುತ್ತೇನೆ. ಸ್ವಿಚ್ ಬೋರ್ಡಿನಿಂದ ಸುಟ್ಟ ವಾಸನೆ ಬಂದರೂ ಅಷ್ಟೇ. ಮನೆಗಳಲ್ಲಿ ಮೈಗೆ ಶಾಕ್ ತಗಲದಂತೆ ಹಾಕುವ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್, ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಯ ಲೆಕ್ಕದ್ದು. ಅದರ ಮೇಲಿನ ಪರೀಕ್ಷಾ ಗುಂಡಿ ಇರುವುದು ಆಗಾಗ ಒತ್ತಿ ನೋಡಲೆಂದೇ. ಒತ್ತಿದವರನ್ನು ನಾನು ಕಂಡದ್ದು ಅಪರೂಪ.

ಇನ್ನೊಂದು ಮಾತು, ಇದನ್ನು ಗುತ್ತಿಗೆದಾರರು ಒಪ್ಪುವುದಿಲ್ಲ. ನಮ್ಮ ಕಸುಬಿನಲ್ಲಿ ಕಾಯುವುದೇ ಒಂದು ಕೆಲಸ, ಅದರ ಮೇಲೆ ಹೊಸ ಕೆಲಸ ಹೇರಿದರೆ ಹಳೆಯದು ಹಾಳು. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ, ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಕನಿಷ್ಠ 7 ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಕಾಂಕ್ರೀಟಿನ ಬಲವನ್ನು ಅಳೆಯುವ ವಾಡಿಕೆಯ ಗಡುವು 28 ದಿನ. ಸ್ನಾನದ ಮನೆಯ ನೆಲಕ್ಕೆ ವಾಟರ್‌ಪ್ರೂಫಿಂಗ್ ಹಚ್ಚಿದ ಮೇಲೆ, ಅದು ಪೂರ್ತಿ ಆರಿದ ನಂತರ, ನೀರು ಹೋಗುವ ಬಾಯಿ ಮುಚ್ಚಿ ನೆಲದ ಮೇಲೆ ನೀರು ಕಟ್ಟುತ್ತೇನೆ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ. ಕಡಿಮೆಯೆಂದರೂ 24 ಗಂಟೆ ಬಿಟ್ಟು ಬಂದು ಗೆರೆ ನೋಡಬೇಕು, ಕೆಳಗಿನ ಮನೆಯ ಛಾವಣಿಯನ್ನೂ ನೋಡಬೇಕು. ಟೈಲ್ಸ್ ಕೂರಿಸುವುದು ಅದಾದ ಮೇಲೆ. ಸಿಲಿಕಾನ್ ತುಂಬಿದ ಸಂದಿಗೂ ಸುಮಾರು ಒಂದು ದಿನ ನೀರು ಸೋಕಬಾರದು. ಈ ಗಂಟೆಗಳೆಲ್ಲ ನನ್ನವು. ನೀರು ಕಟ್ಟುವ ಕೆಲಸವನ್ನು ಸಂಜೆಗೆ ಇಟ್ಟುಕೊಂಡರೆ ಮರುದಿನದ ಬೆಳಗು ತಾನಾಗಿಯೇ ಬಿಡುವಾಗುತ್ತದೆ. ಗಾಳದ ಹುಚ್ಚಿಲ್ಲದ ಎಷ್ಟೋ ಮಂದಿ ಆ ಗಂಟೆಗಳನ್ನು ಉಳಿಸಲು ಹೋಗಿ, ಮುಂದಿನ ಮಳೆಗಾಲದಲ್ಲಿ ಅದೇ ನೆಲವನ್ನು ಅಗೆಯುವುದನ್ನು ನೋಡಿದ್ದೇನೆ.

ಇಷ್ಟು ಹೇಳಿದ ಕೂಡಲೇ ಯಾರಾದರೂ "ಗಾಳ ತಾಳ್ಮೆ ಕಲಿಸುತ್ತದೆ" ಎನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಮೀನಿಲ್ಲದ ಕಡೆ ಸಂಜೆಯವರೆಗೆ ಕುಳಿತವನನ್ನು ತಾಳ್ಮೆಗಾರ ಎನ್ನಲಾಗದು, ಅವನು ನೀರನ್ನು ನೋಡುತ್ತಿಲ್ಲ ಅಷ್ಟೇ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಬೇಸಿಗೆಯ ಮಧ್ಯಾಹ್ನ ಮೀನು ಆಳಕ್ಕೋ ನೆರಳಿಗೋ ಸರಿಯುತ್ತದೆ. ಆದರೆ ಕಳೆ ದಟ್ಟವಾಗಿ ಬೆಳೆದ ಕೊಳದ ಲೆಕ್ಕ ತಿರುವುಮುರುವು. ರಾತ್ರಿಯೆಲ್ಲ ಗಿಡಗಳೂ ಉಸಿರಾಡಿ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ನಸುಕಿನಲ್ಲೇ ಅಲ್ಲಿ ಅದರ ಕೊರತೆ ಹೆಚ್ಚು. ಬಿಸಿಲು ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಮೀನು ಚುರುಕಾಗುತ್ತದೆ. ಇದು ತಿಳಿದ ಮೇಲೆ ನನ್ನ ಬದುಕು ಹಗುರವಾಯಿತು. ನಸುಕಿನಲ್ಲಿ ತಪ್ಪಿಸಲಾಗದ ಕರೆ ಬಂದರೆ ಮೊದಲು ಆ ಮನೆಗೆ ಹೋಗಿ, ಆಮೇಲೆ ಕಳೆ ತುಂಬಿದ ಕೊಳಕ್ಕೆ ಹೋಗುತ್ತೇನೆ. ಕರೆ ಬಾರದ ದಿನ ಹೊಳೆ.

ಕೈಗಳ ವಿಷಯ ಬೇರೆಯೇ ಇದೆ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ, ಬೆರಳ ತುದಿ ಸೀಳುತ್ತದೆ. ಸೀಳಿದ ಬೆರಳಿನಲ್ಲಿ ಸಣ್ಣ ಕೊಕ್ಕೆಗೆ ದಾರ ಪೋಣಿಸುವುದು ಶಿಕ್ಷೆ. ಕೈಗವಸು ಹಾಕುವ ಅಭ್ಯಾಸ ನನಗೆ ಬಂದದ್ದು ಗಾಳದ ಆಸೆಗೆ. ತಿನ್ನರ್, ಅಂಟು ಇರುವ ಪೆಟ್ಟಿಗೆಯಲ್ಲಿ ಗಾಳದ ಸಾಮಾನು ಇಡುವುದಿಲ್ಲ. ನೈಲಾನ್ ದಾರವನ್ನು ಗಾಡಿಯ ಕಿಟಕಿಯ ಬಳಿ ಬಿಸಿಲಿಗೆ ಬಿಡುವುದಿಲ್ಲ, ಬಿಸಿಲಿಗೆ ಅದು ಬಲ ಕಳೆದುಕೊಳ್ಳುತ್ತದೆ. ಗಂಟನ್ನು ಬಿಗಿಯುವ ಮುನ್ನ ಉಗುಳಿನಿಂದ ಒದ್ದೆ ಮಾಡುತ್ತೇನೆ, ಇಲ್ಲದಿದ್ದರೆ ಉಜ್ಜಿದ ಬಿಸಿಗೆ ದಾರ ಅಲ್ಲೇ ಸೋಲುತ್ತದೆ. ವಾಪಸ್ ಬಿಡುವ ಮೀನನ್ನು ಹಿಡಿಯುವ ಮೊದಲು ಕೈಯನ್ನೂ ಒದ್ದೆ ಮಾಡಿಕೊಳ್ಳಬೇಕು. ಅದರ ಮೈಮೇಲಿನ ಲೋಳೆಯೇ ಅದಕ್ಕೆ ರಕ್ಷಣೆ. ಮತ್ತೆ, ವೈರಿಂಗ್ ಬಲ್ಲವನಾಗಿ ಒಂದು ಮಾತು: ಕಾರ್ಬನ್‌ನಿಂದ ಮಾಡಿದ ಗಾಳದ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ತಂತಿಯ ಕೆಳಗೆ ಗಾಳ ಬೀಸಬೇಡಿ, ಗುಡುಗಿದರೆ ಎದ್ದು ಬನ್ನಿ.

ನಿವೃತ್ತಿಯಾದ ಮೇಲೆ ಬೇಕಾದಷ್ಟು ಹಿಡಿಯಬಹುದಲ್ಲ ಎನ್ನುವವರಿಗೆ ನಮ್ಮ ಮಂಡಿಗಳ ಪರಿಚಯವಿಲ್ಲ. ಟೈಲ್ಸ್ ಕೂರಿಸುತ್ತ ನೆಲಕ್ಕೆ ಮಂಡಿಯೂರಿದವರು, ಛಾವಣಿಯತ್ತ ಕೈ ಎತ್ತಿ ಬಣ್ಣ ಬಳಿದವರು ಅರವತ್ತು ದಾಟಿದ ಮೇಲೆ ಜಾರುವ ಕಲ್ಲುಗಳ ಮೇಲೆ ನಿಲ್ಲಬಲ್ಲರೇ, ದಿನವಿಡೀ ಗಾಳ ಬೀಸಬಲ್ಲರೇ? ಮಂಡಿ ಗಟ್ಟಿಯಿರುವಾಗಲೇ ಹೋಗಬೇಕು. ಇಷ್ಟು ಆಸಕ್ತಿ ಇದ್ದರೆ ಅದನ್ನೇ ದುಡಿಮೆ ಮಾಡಿಕೊಳ್ಳಿ ಎನ್ನುವವರೂ ಇದ್ದಾರೆ. ಬೇಡ. ಗಿರಾಕಿಗಳು ಈಗಾಗಲೇ ಸಾಕಷ್ಟಿದ್ದಾರೆ.

ಗಿರಾಕಿಗಳನ್ನು ಕಳೆದುಕೊಳ್ಳುವುದಿಲ್ಲವೇ? ಕಳೆದುಕೊಂಡಿದ್ದೇನೆ. ವಾಷರ್ ಸವೆದು ತೊಟ್ಟಿಕ್ಕುವ ನಲ್ಲಿಗೆ ಸೂರ್ಯ ಹುಟ್ಟುವ ಮೊದಲೇ ಬಾ ಎನ್ನುವವರು ಬೇರೆಯವರನ್ನು ಹುಡುಕಿಕೊಂಡರು, ಸಂತೋಷ. ಉಳಿದವರಿಗಾಗಿ ಇನ್ನೊಬ್ಬ ಕಸುಬುದಾರರ ಜೊತೆ ಒಪ್ಪಂದವಿದೆ. ನಾನು ನೀರಿನ ಬಳಿ ಇರುವಾಗ ನಿಜವಾದ ತುರ್ತು ಕರೆಗಳು ಅವರಿಗೆ ಹೋಗುತ್ತವೆ. ಅವರಿಗೆ ಮೀನೆಂದರೆ ಆಗದು, ವಾಸನೆಗೇ ಮೂಗು ಮುಚ್ಚುತ್ತಾರೆ. ಅವರ ಹುಚ್ಚು ನಾಟಕ. ತಾಲೀಮು ಇರುವ ಸಂಜೆಗಳಲ್ಲಿ ಅವರ ಫೋನ್ ನನ್ನ ಕಡೆ ತಿರುಗುತ್ತದೆ.